ಗ್ಯಾರೇಜಿನ ಗೇಟು ಕಂಡರೆ ಸುಮ್ಮನಾಗುವ ಸದ್ದು

ಹಳೆ ಕಾರಿನ ಸದ್ದಿಗೆ ನಾಚಿಕೆ ಜಾಸ್ತಿ. ನೀರ್ಚಾಲಿನ ಮನೆಯಂಗಳದಲ್ಲಿ ಬೆಳಿಗ್ಗೆ ಟಕಟಕ ಎಂದು ನೆರೆಮನೆಯವರನ್ನೂ ಎಬ್ಬಿಸಿದ್ದು, ಕಾಸರಗೋಡಿನ ಗ್ಯಾರೇಜಿನ ಗೇಟು ದಾಟಿದ್ದೇ ತಡ, ಗಪ್‌ಚಿಪ್. ಮೆಕ್ಯಾನಿಕ್ ಬಾನೆಟ್ ಎತ್ತಿ ಕಿವಿ ಒಡ್ಡಿ, "ಎಂತ ಸದ್ದು? ಎಂತದೂ ಇಲ್ಲವಲ್ಲ ಮಾರಾಯ್ರೆ" ಎನ್ನುತ್ತಾರೆ. ಆಗ ಕಾರಿನ ಯಜಮಾನರು ಮರ್ಯಾದೆ ಉಳಿಸಿಕೊಳ್ಳಲು ಬಾಯಲ್ಲೇ ಸದ್ದು ಮಾಡಿ ತೋರಿಸಲು ಹೊರಡುತ್ತಾರೆ. ಎಂಜಿನ್ನಿನ ಟ್ಯಾಪೆಟ್ಟಿನಿಂದ ಶುರುವಾದದ್ದು ಚೆಂಡೆಯ ಪೆಟ್ಟಿಗೆ ಹೋಗಿ ನಿಲ್ಲುತ್ತದೆ. ಮೆಕ್ಯಾನಿಕ್ಕಿಗೆ ತಿಳಿದದ್ದು ಇಷ್ಟೇ: ಇವರಿಗೆ ತಾಳಜ್ಞಾನ ಉಂಟು.

ಇದರಲ್ಲಿ ಮಾಟವೂ ಇಲ್ಲ, ಭೂತದ ಕೋಪವೂ ಇಲ್ಲ. ಇಪ್ಪತ್ತು ನಿಮಿಷ ಓಡಿದ ಎಂಜಿನ್ ಕಾದಿರುತ್ತದೆ. ಸವೆದ ಪಿಸ್ಟನ್ ತಣ್ಣಗಿದ್ದಾಗ ಸಿಲಿಂಡರಿನ ಗೋಡೆಗೆ ಬಡಿಯುತ್ತದೆ, ಬಿಸಿಗೆ ಹಿಗ್ಗಿದ ಮೇಲೆ ಬಡಿತ ನಿಲ್ಲುತ್ತದೆ. ಹೊಗೆ ಹೊರಹೋಗುವ ಎಕ್ಸಾಸ್ಟ್ ಮ್ಯಾನಿಫೋಲ್ಡಿನ ಗ್ಯಾಸ್ಕೆಟ್ ಸುಟ್ಟಿದ್ದರೂ ಹಾಗೆಯೇ, ಲೋಹ ಕಾದ ಹಾಗೆ ಸಂದು ಮುಚ್ಚಿಕೊಳ್ಳುತ್ತದೆ. ಆದ್ದರಿಂದ ಕಾರನ್ನು ಹಿಂದಿನ ಸಂಜೆಯೇ ಗ್ಯಾರೇಜಿನಲ್ಲಿ ಬಿಟ್ಟು, ಮರುದಿನ ಬೆಳಿಗ್ಗೆ ಮೆಕ್ಯಾನಿಕ್ಕೇ ಮೊದಲ ಸಲ ಸ್ಟಾರ್ಟ್ ಮಾಡುವ ಹಾಗೆ ನೋಡಿಕೊಳ್ಳಬೇಕು. ಸದ್ದು ಯಾವ ಜಾತಿಯದೆಂಬುದು ಆಮೇಲಿನ ಮಾತು. ಅದು ಯಾವಾಗ ಬರುತ್ತದೆ, ಯಾವಾಗ ಹೋಗುತ್ತದೆ ಎಂದು ಹೇಳಿದರೆ ಅರ್ಧ ಕೆಲಸ ಮುಗಿಯಿತು.

ಅಡಿಕೆ ತೋಟದ ಶೆಡ್ಡಿನಲ್ಲಿ ಒಂದು ಎಂಜಿಬಿ ನಿಂತಿದೆ ಎಂದುಕೊಳ್ಳಿ. 1962ರಿಂದ 1980ರವರೆಗೆ ಇಂಗ್ಲೆಂಡಿನ ಆಬಿಂಗ್ಡನ್‌ನಲ್ಲಿ ತಯಾರಾದ ಎರಡು ಸೀಟಿನ ಸ್ಪೋರ್ಟ್ಸ್ ಕಾರು. ಇದಕ್ಕೆ ಡಾಕ್ಟರನ್ನು ಹುಡುಕಿಕೊಂಡು ಬೆಂಗಳೂರಿಗೆ ಹೋಗಬೇಕಾಗಿಲ್ಲ. ಇದರ 1798 ಸಿಸಿ ಎಂಜಿನ್ನೂ ನಮ್ಮ ಹಳೆ ಅಂಬಾಸಿಡರಿನ 1489 ಸಿಸಿ ಪೆಟ್ರೋಲ್ ಎಂಜಿನ್ನೂ ಒಂದೇ ಮನೆಯ ಮಕ್ಕಳು, ಎರಡೂ ಬ್ರಿಟಿಷ್ ಮೋಟರ್ ಕಾರ್ಪೊರೇಷನ್ (ಬಿಎಂಸಿ) ಕಂಪನಿಯ ಬಿ-ಸೀರೀಸ್. ಬದಿಯಡ್ಕದಲ್ಲೋ ಕುಂಬಳೆಯಲ್ಲೋ ಅಂಬಾಸಿಡರ್ ಟ್ಯಾಕ್ಸಿಗಳನ್ನು ಬಿಚ್ಚಿ ಕಟ್ಟಿ ಕೂದಲು ನರೆತ ಮೆಕ್ಯಾನಿಕ್ ಸಿಕ್ಕಿದರೆ ಅವರನ್ನು ಬಿಡಬೇಡಿ. ಸ್ಪಾನರ್ ಮಾತ್ರ ಇಂಚಿನದೇ ಇರಲಿ. ಅರ್ಧ ಇಂಚು ಅಂದರೆ 12.7 ಮಿ.ಮೀ. ಆ ನಟ್ಟಿಗೆ 12ರ ಸ್ಪಾನರ್ ಹೊಗುವುದಿಲ್ಲ, 13ರದ್ದು ಹೊಕ್ಕು ಮೂಲೆಗಳನ್ನೆಲ್ಲ ಉರುಟು ಮಾಡಿ ಹೊರಬರುತ್ತದೆ.

ಬಾನೆಟ್ ಎತ್ತಿದ ಕೂಡಲೇ ಜನ ಸೇರುತ್ತಾರೆ, ಅದನ್ನು ತಡೆಯಲು ಯಾರಿಂದಲೂ ಆಗದು. ಗಲ್ಫಿನಿಂದ ಬಂದವರು "ಎಂಜಿನ್ ಇಳಿಸಬೇಕು" ಎನ್ನುತ್ತಾರೆ, ಬಸ್ಸಿಗೆ ಕಾಯುವವರು "ಬೆಲ್ಟ್" ಎನ್ನುತ್ತಾರೆ. ತುಳು, ಮಲಯಾಳ, ಕನ್ನಡ, ಕೊಂಕಣಿಗಳಲ್ಲಿ ನಾಲ್ಕು ರೋಗಗಳು ಸಿದ್ಧ. ಬೆಲ್ಟ್ ಎಂದವರ ಮಾತನ್ನೇ ಮೊದಲು ಕೇಳುವುದು ಒಳ್ಳೆಯದು, ಖರ್ಚಿಲ್ಲದ ಪರೀಕ್ಷೆ ಅದು. ಕಿರ್ರ್ ಎನ್ನುವ ಬೆಲ್ಟಿಗೆ ನಾಲ್ಕು ಹನಿ ನೀರು ಚಿಮುಕಿಸಿ. ಸದ್ದು ನಿಂತರೆ ಬೆಲ್ಟ್ ನುಣುಪಾಗಿದೆ ಅಥವಾ ಪುಲ್ಲಿಗಳು ಒಂದೇ ಗೆರೆಯಲ್ಲಿಲ್ಲ. ಜೋರಾದರೆ ಬೆಲ್ಟ್ ಸಡಿಲ. ಬೆರಳಲ್ಲಿ ಒತ್ತಿದಾಗ ಉದ್ದದ ಕಡೆ ಅರ್ಧ ಇಂಚು ತಗ್ಗಬೇಕು. ಗುರ್ ಎನ್ನುತ್ತಿದ್ದರೆ ಬೆಲ್ಟನ್ನೇ ಕಳಚಿ ಒಂದೇ ನಿಮಿಷ ಓಡಿಸಿ. ಆಗ ಸದ್ದಿಲ್ಲದಿದ್ದರೆ ಅದು ವಾಟರ್ ಪಂಪಿನ ಅಥವಾ ಡೈನಮೋದ ಬೇರಿಂಗ್. ಒಂದು ನಿಮಿಷಕ್ಕಿಂತ ಹೆಚ್ಚು ಬೇಡ, ನೀರು ತಿರುಗುತ್ತಿರುವುದಿಲ್ಲ.

ಉಳಿದ ಸದ್ದುಗಳ ಜಾಗ ಹಿಡಿಯಲು ಉದ್ದದ ಸ್ಕ್ರೂಡ್ರೈವರ್ ಸಾಕು. ತುದಿಯನ್ನು ಎಂಜಿನ್ನಿಗೆ ಒತ್ತಿ ಹಿಡಿಯನ್ನು ಕಿವಿಯ ಹಿಂದಿನ ಎಲುಬಿಗೆ ಆನಿಸಿದರೆ ಒಳಗಿನದೆಲ್ಲ ಕೇಳುತ್ತದೆ. ಹೆಗಲ ಮೇಲಿನ ಬೈರಾಸನ್ನು ಮೊದಲು ತೆಗೆದಿಡಿ. ಎದುರಿಗೇ ಫ್ಯಾನು ತಿರುಗುತ್ತಿರುತ್ತದೆ, ಅದಕ್ಕೆ ಬೈರಾಸು ಸಿಕ್ಕಿದರೆ ಹಿಂದೆಯೇ ಕುತ್ತಿಗೆ.

ಮೇಲಿನಿಂದ ಟಿಕ್‌ಟಿಕ್ ಬಂದರೆ ಎಲ್ಲರೂ ಟ್ಯಾಪೆಟ್ ಎನ್ನುತ್ತಾರೆ. ಬಹುಮಟ್ಟಿಗೆ ಸರಿಯೇ. ತಣ್ಣಗಿನ ಎಂಜಿನ್ನಿನಲ್ಲಿ ವಾಲ್ವಿಗೂ ಅದನ್ನು ಒತ್ತುವ ರಾಕರ್ ಎಂಬ ತೋಳಿಗೂ ನಡುವಿನ ಸಂದು 15 ಥೌ (ಇಂಚಿನ ಸಾವಿರದಲ್ಲಿ 15 ಪಾಲು), ಅಂದರೆ 0.38 ಮಿ.ಮೀ. ಇರಬೇಕು. ವಾಲ್ವುಗಳು ಎಂಟು, ಲೆಕ್ಕ ಒಂಬತ್ತರದ್ದು: ಎಂಟನೆಯದು ಪೂರ್ತಿ ತೆರೆದಿರುವಾಗ ಒಂದನೆಯದನ್ನು ಹೊಂದಿಸುವುದು, ಮೂರನೆಯದು ತೆರೆದಿರುವಾಗ ಆರನೆಯದನ್ನು. ಕೂಡಿದರೆ ಒಂಬತ್ತು ಬರಬೇಕು. ಎಂಜಿನ್ ತಿರುಗಿಸಲು ಪ್ಲಗ್ಗುಗಳನ್ನು ಬಿಚ್ಚಿ, ನಾಲ್ಕನೇ ಗೇರಿಗೆ ಹಾಕಿ, ಕಾರನ್ನು ತುಸು ತುಸುವೇ ದೂಡುವುದು. ಇಲ್ಲಿ ಸೇರಿದ ಜನ ಉಪಕಾರಕ್ಕೆ ಬರುತ್ತಾರೆ, ಉಪದ್ರಕ್ಕೂ. "ಒಂದು ಇಂಚು" ಎಂದರೆ ಅಂಗಳದ ಕೊನೆಯ ತೆಂಗಿನ ಮರದವರೆಗೆ ದೂಡುವ ಉತ್ಸಾಹಿಗಳು ಎಲ್ಲ ಊರಲ್ಲೂ ಇರುತ್ತಾರೆ.

ಸರಿಯಾಗಿ 15 ಥೌ ಇಟ್ಟರೂ ಸದ್ದು ಹೋಗಲಿಲ್ಲವೆಂದರೆ ರಾಕರಿನ ಮುಖ ನೋಡಿ. ವಾಲ್ವಿನ ತುದಿ ತಾಗಿ ತಾಗಿ ಅಲ್ಲೊಂದು ಗುಳಿ ಬಿದ್ದಿರುತ್ತದೆ. ಸಂದು ಅಳೆಯುವ ಫೀಲರ್ ಗೇಜಿನ ಪಟ್ಟಿ ಆ ಗುಳಿಯ ಮೇಲೆ ಸೇತುವೆ ಹಾಕಿದಂತೆ ಕೂತು, ಇಲ್ಲದ ಲೆಕ್ಕ ಕೊಡುತ್ತದೆ. ಸದ್ದಡಗಿಸಲೆಂದು ಸಂದನ್ನು 8 ಥೌಗೆ ಬಿಗಿದುಬಿಡುವ ಜಾಣರೂ ಇದ್ದಾರೆ. ಎಂಜಿನ್ ನಿಜಕ್ಕೂ ಮೆತ್ತಗಾಗುತ್ತದೆ. ಆದರೆ ಎಕ್ಸಾಸ್ಟ್ ವಾಲ್ವ್ ತನ್ನ ಸೀಟಿನಲ್ಲಿ ಪೂರ್ತಿ ಕೂರದೆ, ಬಿಸಿ ಇಳಿಸಿಕೊಳ್ಳಲಾಗದೆ ಸುಡುತ್ತದೆ. ತುಸು ಟಿಕ್‌ಟಿಕ್ ಎನ್ನುವ ಬಿ-ಸೀರೀಸ್ ಎಂಜಿನ್ನನ್ನು ಅದರ ಪಾಡಿಗೆ ಬಿಡುವುದೇ ವಾಸಿ.

ಹಿಂದಿನಿಂದ ಟಕ್ ಟಕ್ ಎನ್ನುವುದು ಎಂಜಿನ್ನೇ ಅಲ್ಲ, ಎಸ್‌ಯು ಕಂಪನಿಯ ಪೆಟ್ರೋಲ್ ಪಂಪ್. ಕೀ ತಿರುಗಿಸಿದಾಗ ಗಡಿಬಿಡಿಯಲ್ಲಿ ಬಡಿದು, ಕಾರ್ಬುರೇಟರ್ ತುಂಬಿದ ಮೇಲೆ ನಿಲ್ಲಬೇಕು. ನಿಲ್ಲದಿದ್ದರೆ ಪೆಟ್ರೋಲ್ ಎಲ್ಲೋ ಸೋರುತ್ತಿದೆ, ಇಲ್ಲವೇ ಟ್ಯಾಂಕ್ ಖಾಲಿ. ಸದ್ದೇ ಇಲ್ಲದಿದ್ದರೆ ಪಂಪಿನೊಳಗೆ ಕರೆಂಟ್ ಮುಟ್ಟಿಸುವ ಪಾಯಿಂಟ್ ಕೊಳೆಯಾಗಿದೆ. ಸ್ಪಾನರಿನ ಹಿಡಿಯಿಂದ ಮೆಲ್ಲಗೆ ಒಂದು ತಟ್ಟಿದರೆ ಮನೆ ಮುಟ್ಟಿಸುವಷ್ಟು ಓಡುತ್ತದೆ.

ಫಟ್ ಎಂದು ಕಾರ್ಬುರೇಟರಿನ ಬಾಯಲ್ಲಿ ಸೀನುವುದು ಈಗೀಗ ಜಾಸ್ತಿ. ಬಂಕಿನ ಪೆಟ್ರೋಲಿನಲ್ಲಿ ಶೇಕಡಾ 20 ಎಥನಾಲ್ ಇರುತ್ತದೆ, ಅದರಲ್ಲೇ ಆಮ್ಲಜನಕ ಇರುವುದರಿಂದ ಹಳೆ ಹೊಂದಾಣಿಕೆಗೆ ಮಿಶ್ರಣ ತೆಳುವಾಗುತ್ತದೆ, ಅಂದರೆ ಗಾಳಿಯ ಲೆಕ್ಕಕ್ಕೆ ಪೆಟ್ರೋಲ್ ಸಾಲದಾಗುತ್ತದೆ. ಎಸ್‌ಯು ಕಾರ್ಬುರೇಟರಿನ ಪಿಸ್ಟನ್ನನ್ನು ಅಡಿಯ ಪಿನ್ನಿನಿಂದ ಒಂದು ಮಿ.ಮೀ.ಗಿಂತ ಕಡಿಮೆ ಎತ್ತಿ ನೋಡಿ. ಎಂಜಿನ್ ಕ್ಷಣಕಾಲ ವೇಗ ಏರಿಸಿ ಮತ್ತೆ ಮೊದಲಿನಂತಾದರೆ ಸರಿ, ಏರಿದ್ದು ಏರಿಯೇ ಇದ್ದರೆ ಮಿಶ್ರಣ ದಪ್ಪ, ಕುಸಿದರೆ ತೆಳು. ತೆಳುವಾದರೆ ಕೆಳಗಿನ ಜೆಟ್ ನಟ್ಟನ್ನು ಆರರಲ್ಲೊಂದು ಸುತ್ತಿನಷ್ಟು ಕೆಳಕ್ಕೆ ಇಳಿಸಿ ಮತ್ತೆ ನೋಡುವುದು. ಹಳೆ ರಬ್ಬರ್ ಪೈಪುಗಳನ್ನು ಈ ಪೆಟ್ರೋಲ್ ಮೆತ್ತಗೆ ಮಾಡುತ್ತದೆ, ಅವನ್ನೂ ಬದಲಿಸಿಬಿಡಿ. ಮಳೆಗಾಲವಿಡೀ ಶೆಡ್ಡಿನಲ್ಲಿ ನಿಂತ ಕಾರಾದರೆ ಇದಕ್ಕೆಲ್ಲ ಕೈಹಾಕುವ ಮೊದಲು ಏರ್ ಫಿಲ್ಟರ್ ಬಿಚ್ಚಿ. ಇಲಿ ಅಲ್ಲಿ ಸಂಸಾರ ಹೂಡಿರುತ್ತದೆ.

ಚೆರ್ಕಳದಿಂದ ಮುಳ್ಳೇರಿಯದ ಕಡೆಗೆ ಏರು ಹತ್ತುವಾಗ ಡಬ್ಬಿಯೊಳಗೆ ಒಣ ಅಡಿಕೆ ಅಲುಗಿಸಿದ ಹಾಗೆ ಕೇಳಿದರೆ ಇಗ್ನಿಷನ್ ಟೈಮಿಂಗ್ ಮುಂದಾಗಿದೆ, ಅಂದರೆ ಪ್ಲಗ್ಗಿನ ಕಿಡಿ ಬೇಗ ಹಾರುತ್ತಿದೆ. ಪ್ಲಗ್ಗುಗಳಿಗೆ ಕರೆಂಟ್ ಹಂಚುವ ಹಳೆ ಡಿಸ್ಟ್ರಿಬ್ಯೂಟರಿನಲ್ಲಿ 'ಎ' (ಮುಂದಕ್ಕೆ) ಮತ್ತು 'ಆರ್' (ಹಿಂದಕ್ಕೆ) ಗುರುತಿರುವ ಸಣ್ಣ ತಿರುಪು ಇರುತ್ತದೆ, 'ಆರ್' ಕಡೆಗೆ ತಿರುಗಿಸಿ. ಗೇರ್ ಇಳಿಸದೆ ನಾಲ್ಕರಲ್ಲೇ ಹತ್ತಿಸುವ ಮೊಂಡುತನಕ್ಕೆ ಅಂಥ ತಿರುಪು ಇನ್ನೂ ಬಂದಿಲ್ಲ.

ಹೆದರಬೇಕಾದದ್ದು ಅಡಿಯಿಂದ ಬರುವ ಡಬ್ ಡಬ್‌ಗೆ. ಬಿಸಿ ಎಂಜಿನ್ ಓಡುವಾಗ ಆಯಿಲ್ ಪ್ರೆಶರ್ 50ರಿಂದ 80 ಪಿಎಸ್ಐ ಇರಬೇಕು, ಐಡ್ಲಿಂಗಿನಲ್ಲಿ 10ರಿಂದ 25. ಓಡುವಾಗಲೂ ಮುಳ್ಳು ಮೇಲೇಳದೆ ಡಬ್ ಡಬ್ ಕೇಳಿದರೆ ಅಲ್ಲೇ ನಿಲ್ಲಿಸಿ, ಎಳೆಸಿಕೊಂಡು ಹೋಗುವುದು ಅಗ್ಗ. ಪ್ರೆಶರ್ ಇನ್ನೂ ಇದ್ದರೆ ಒಂದು ಪರೀಕ್ಷೆ ಮಾಡಬಹುದು. ಎಂಜಿನ್ ನಿಲ್ಲಿಸಿ, ಒಂದು ಪ್ಲಗ್ಗಿನ ವಯರು ತೆಗೆದು ಎಂಜಿನ್ನಿಗೇ ಅರ್ತ್ ಮಾಡಿ, ಮತ್ತೆ ಸ್ಟಾರ್ಟ್ ಮಾಡಿ ಕೇಳುವುದು. ಹೀಗೆ ನಾಲ್ಕಕ್ಕೂ. ಯಾವುದನ್ನು ತೆಗೆದಾಗ ಬಡಿತ ಮೆತ್ತಗಾಯಿತೋ ಆ ಸಿಲಿಂಡರಿನ ಬಿಗ್ ಎಂಡ್ ಬೇರಿಂಗ್ (ಪಿಸ್ಟನ್ ರಾಡಿನ ಕೆಳತುದಿಯದು) ಹೋಗಿದೆ. ಬೆಳಿಗ್ಗೆ ಮಾತ್ರ ಎರಡು ಮೂರು ಸೆಕೆಂಡ್ ಗಡಗಡ ಎಂದು ನಿಂತರೆ ಇಷ್ಟು ಗಾಬರಿ ಬೇಡ. ಕೆಲವು ವರ್ಷಗಳಲ್ಲಿ ತಯಾರಾದ ಎಂಜಿಬಿಗಳಲ್ಲಿ ಆಯಿಲ್ ಫಿಲ್ಟರ್ ತಲೆಕೆಳಗಾಗಿ ಕೂತಿರುತ್ತದೆ, ರಾತ್ರಿಯಿಡೀ ಆಯಿಲ್ ಇಳಿದುಹೋಗುತ್ತದೆ. ಆಯಿಲ್ ಇಳಿಯಬಿಡದ ವಾಲ್ವ್ ಇರುವ ಫಿಲ್ಟರ್ ಹಾಕಿದರೆ ಆಯಿತು.

ಕ್ಲಚ್ ಪೆಡಲ್ ಒತ್ತಿದಾಗ ಬರುವ ಸದ್ದು ರಿಲೀಸ್ ಬೇರಿಂಗಿನದು. ಇದರಲ್ಲಿ ಗುಂಡುಗಳಿಲ್ಲ, ಇರುವುದು ಕಾರ್ಬನ್ ಬಳೆ. ಸದಾ ಪೆಡಲ್ ಮೇಲೆ ಕಾಲಿಟ್ಟುಕೊಂಡೇ ಓಡಿಸುವವರು ಅದನ್ನು ತೇಯ್ದು ಮುಗಿಸುತ್ತಾರೆ. ಒತ್ತಿದಾಗ ನಿಲ್ಲುವ ಸದ್ದಾದರೆ ಗೇರ್‌ಬಾಕ್ಸಿನದು.

ಇನ್ನುಳಿದದ್ದು ಹೊರಡುವಾಗ ಹಿಂದಿನಿಂದ ಬರುವ ಕಟಕ್. ಕಡ್ಡಿ ಚಕ್ರಗಳಾದರೆ ಮೊದಲು ಹಬ್ಬಿನ ಹಲ್ಲು ಸವೆದಿದೆಯೇ ನೋಡಿ ಗ್ರೀಸ್ ಹಚ್ಚಿ. ಆಮೇಲೆ ಪ್ರೊಪೆಲ್ಲರ್ ಶಾಫ್ಟನ್ನು ಕೈಯಲ್ಲಿ ತಿರುಚಿ ಯೂನಿವರ್ಸಲ್ ಜಾಯಿಂಟ್ ನೋಡಿ. ಎರಡೂ ಸರಿ ಇದ್ದರೆ ಡಿಫರೆನ್ಷಿಯಲ್ ಒಳಗಿನ ಥ್ರಸ್ಟ್ ವಾಷರ್ ಸವೆದಿದೆ. ವಾಷರಿನ ಬೆಲೆ ಏನೂ ಅಲ್ಲ, ಅಲ್ಲಿಗೆ ಕೈ ಮುಟ್ಟಿಸಲು ಚಕ್ರಕ್ಕೆ ಹೋಗುವ ಹಾಫ್ ಶಾಫ್ಟ್ ಎಳೆದು ಡಿಫರೆನ್ಷಿಯಲ್ ಬಿಚ್ಚಬೇಕು. ಹಾಗಾಗಿ ಎಂಜಿಬಿ ಇಟ್ಟುಕೊಂಡವರಲ್ಲಿ ಹೆಚ್ಚಿನವರು ಆ ಕಟಕ್ ಬರುವ ಹೊತ್ತಿಗೆ ಸರಿಯಾಗಿ ಒಂದು ಹಾರನ್ ಹಾಕಿ ಹೊರಡುತ್ತಾರೆ.