ಹೊರಡುವ ಮುನ್ನವೇ ಮರಳುವ ಪುರಾವೆ

ಯುರೋಪಿನ ಹಲವು ದೇಶಗಳಿಗೆ ಒಟ್ಟಾಗಿ ಸಲ್ಲುವ ಷೆಂಗೆನ್ ವೀಸಾಕ್ಕೆ ಹಾಕಿ ತಿರಸ್ಕೃತವಾದ ಅರ್ಜಿಗಳ ಶುಲ್ಕದ ಲೆಕ್ಕದಲ್ಲಿ ಭಾರತೀಯರು ಯುರೋಪಿಗೆ ಸಲ್ಲಿಸುತ್ತಿರುವ ಕಾಣಿಕೆಯ ಸುದ್ದಿ ಪತ್ರಿಕೆಗಳಲ್ಲಿ ಮತ್ತೆ ಬಂದಿರುವುದನ್ನು ನೀವೂ ಓದಿರುತ್ತೀರಿ. ಹುಂಡಿಗೆ ಹಾಕಿದ ಹಣವನ್ನು ಯಾರೂ ಹಿಂದಕ್ಕೆ ಕೇಳುವ ಪದ್ಧತಿಯಿಲ್ಲ. 2024ರ ಜೂನ್‌ನಲ್ಲಿ 80 ಯೂರೋಗಳಿದ್ದ ಶುಲ್ಕ 90ಕ್ಕೆ ಏರಿದಾಗಲೂ ನಾವು ಭಕ್ತಿಯಿಂದಲೇ ಸಾಲಿನಲ್ಲಿ ನಿಂತೆವು.

ಉಡುಪಿಯ ನಮ್ಮ ನೆಂಟರಾದ ನಿವೃತ್ತ ಮಾಸ್ಟ್ರೊಬ್ಬರಿಗೆ ಸ್ವಿಟ್ಜರ್ಲೆಂಡಿನ ಬಾಸೆಲ್ ನಗರವನ್ನು ನೋಡುವ ಆಸೆ. 1834ರಲ್ಲಿ ಅಲ್ಲಿಂದ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ನಿನ ಪಾದ್ರಿಗಳು ಮುಂದೆ ನಮಗೆ ಹೆಂಚಿನ ಕಾರ್ಖಾನೆಯನ್ನೂ 1843ರಲ್ಲಿ ಕನ್ನಡದ ಮೊದಲ ಪತ್ರಿಕೆಯನ್ನೂ ಕೊಟ್ಟರಲ್ಲ, ಆ ಊರು ಹೇಗಿದೆಯೆಂದು ಒಮ್ಮೆ ನೋಡಿ ಬರೋಣ ಎಂಬುದಷ್ಟೇ ಅವರ ಯೋಜನೆ. ಮೊದಲ ವಿದೇಶ ಪ್ರವಾಸದ ಯೋಜನೆಯೆಂದರೆ ನೋಡಬೇಕಾದ ಸ್ಥಳಗಳ ಪಟ್ಟಿ ಎಂದು ಅವರು ಭಾವಿಸಿದ್ದರು. ಟ್ರಾವೆಲ್ಸಿನ ಹುಡುಗ ತಿದ್ದಿದ: "ಈಗಲೇ ಟಿಕೆಟಿಗೆ ದುಡ್ಡು ಕಟ್ಟಬೇಡಿ ಮಾಸ್ಟ್ರೇ, ಆದರೆ ಟಿಕೆಟಿನ ಕಾಗದ ಬೇಕು." ಪ್ರತಿ ರಾತ್ರಿಯ ಹೋಟೆಲಿನ ಹೆಸರು, ಬ್ಯಾಂಕಿನ ಲೆಕ್ಕ, ಪಿಂಚಣಿಯ ಪತ್ರ, ಅಡ್ಡ 35 ಮಿಲಿಮೀಟರ್, ಉದ್ದ 45 ಮಿಲಿಮೀಟರ್ ಅಳತೆಯ ಭಾವಚಿತ್ರ, ಇವೆಲ್ಲ ಅನಂತರ ಬಂದವು. ಕನಿಷ್ಠ 30,000 ಯೂರೋಗಳ ವಿಮೆಯೂ ಬೇಕು. ಅಲ್ಲಿ ಸತ್ತರೆ ದೇಹವನ್ನು ಊರಿಗೆ ತಲುಪಿಸುವ ವೆಚ್ಚವನ್ನು ಅದೇ ಭರಿಸಬೇಕು. ಅರ್ಜಿದಾರನು ಬದುಕಿ ಮರಳುವನೇ ಎಂಬ ಬಗ್ಗೆ ಅಧಿಕಾರಿಗಳಿಗೆ ಏನೇ ಸಂಶಯವಿರಲಿ, ಸತ್ತು ಮರಳುವ ವ್ಯವಸ್ಥೆಯಲ್ಲಿ ಮಾತ್ರ ಯಾವ ಲೋಪವೂ ಇಲ್ಲ.

ಇನ್ನು ಬೆರಳಚ್ಚು. ಪಡಿತರ ಅಂಗಡಿಯಲ್ಲಿ, ಸಿಮ್ ಕಾರ್ಡಿಗೆ, ಆಧಾರ್‌ಗೆ ಉಡುಪಿಯಲ್ಲೇ ಒತ್ತಿ ಒತ್ತಿ ಸವೆದ ಅದೇ ಹತ್ತು ಬೆರಳುಗಳನ್ನು ಯುರೋಪಿಗೆ ತೋರಿಸಲು ಮಾಸ್ಟ್ರು ಘಟ್ಟ ಹತ್ತಿ ಬೆಂಗಳೂರಿಗೆ ಹೋಗಬೇಕು. ಮಳೆಗಾಲವಾದರೆ ಶಿರಾಡಿ ಘಾಟಿಯ ಅನುಮತಿಯೂ ಪ್ರತ್ಯೇಕವಾಗಿ ಬೇಕು. 2024ರ ಜುಲೈನಲ್ಲಿ ಅದೇ ಘಟ್ಟದ ಎಡಕುಮೇರಿ ಮತ್ತು ಕಡಗರವಳ್ಳಿಗಳ ನಡುವೆ ರೈಲುಹಳಿಯ ಬದಿಯ ಗುಡ್ಡ ಜರಿದದ್ದು ನೆನಪಿರಬಹುದು. ಬಾಸೆಲ್ ಯಾತ್ರೆಯ ಅತ್ಯಂತ ದುರ್ಗಮ ಭಾಗ ಸಕಲೇಶಪುರದ ಈಚೆಗೇ ಇದೆ ಎಂಬುದನ್ನು ಯಾವ ಪ್ರವಾಸ ಕೈಪಿಡಿಯೂ ಬರೆಯುವುದಿಲ್ಲ.

ನಮ್ಮ ಕಡೆ ಇಂಥ ಕಟ್ಟುನಿಟ್ಟು ಹಿಂದಿನಿಂದಲೂ ಇರಲಿಲ್ಲ. 1498ರಲ್ಲಿ ವಾಸ್ಕೋ ಡ ಗಾಮ ಮಲ್ಪೆಯ ಎದುರಿನ ದ್ವೀಪದಲ್ಲಿ ಇಳಿದು ಅದಕ್ಕೆ ಸಂತ ಮೇರಿಯ ಹೆಸರಿಟ್ಟನೆಂಬ ಪ್ರತೀತಿಯಿದೆ. ಅವನ ಬಳಿ ಹೋಟೆಲ್ ಬುಕಿಂಗ್ ಇತ್ತೇ, ಮರಳುವ ಟಿಕೆಟ್ ಇತ್ತೇ ಎಂದು ಕೇಳಿದ ಮೊಗವೀರರ ಉಲ್ಲೇಖ ಎಲ್ಲಿಯೂ ಇಲ್ಲ. ಅವನ ಹಿಂದೆ ಬಂದ ಪೋರ್ಚುಗೀಸರು ಗೋವೆಯಿಂದ ಕಾಲ್ತೆಗೆದದ್ದು 1961ರಲ್ಲಿ, ಅದೂ ಸೈನ್ಯ ನುಗ್ಗಿದ ಮೇಲೆ. ಪೋರ್ಚುಗಲ್ ಈಗ ಷೆಂಗೆನ್ ಒಪ್ಪಂದದ ಸದಸ್ಯ ರಾಷ್ಟ್ರ. 180 ದಿನಗಳಲ್ಲಿ 90ಕ್ಕಿಂತ ಹೆಚ್ಚು ದಿನ ಉಳಿಯಬಾರದೆಂದು ನಮಗೆ ಬೋಧಿಸುವವರಲ್ಲಿ ಅದೂ ಒಂದು. ಇಂದಿಗೂ ಯುರೋಪಿನ ಪ್ರವಾಸಿಗನು ಮನೆಯಲ್ಲಿ ಕುಳಿತೇ ಇ-ವೀಸಾ ಪಡೆದು, ಬೆರಳಚ್ಚನ್ನು ಇಲ್ಲಿಗೆ ಬಂದಿಳಿದ ಮೇಲೆ ಕೊಟ್ಟು, ನವಮಂಗಳೂರು ಬಂದರಿನಿಂದ ನೇರವಾಗಿ ಕುದ್ರೋಳಿ ದೇವಸ್ಥಾನ ನೋಡಲು ಹೋಗಬಹುದು. ಹೋಗಲಿ, ಸಂತೋಷ.

ಮಾಸ್ಟ್ರ ಅರ್ಜಿ ತಿರಸ್ಕೃತವಾಯಿತು. ಮುದ್ರಿತ ನಮೂನೆಯಲ್ಲಿ ಒಂದು ಚೌಕಕ್ಕೆ ಗುರುತು ಹಾಕಿದ್ದರು: ವೀಸಾದ ಅವಧಿ ಮುಗಿಯುವ ಮೊದಲು ಹಿಂತಿರುಗುವ ನಿಮ್ಮ ಉದ್ದೇಶದ ಬಗ್ಗೆ ಸಮಂಜಸವಾದ ಅನುಮಾನಗಳಿವೆ. ಜೀವಮಾನವಿಡೀ ಒಂದೇ ಜಿಲ್ಲೆಯಲ್ಲಿ ಪಾಠ ಹೇಳಿದ, ಮನೆ, ತೋಟ, ಪಿಂಚಣಿ ಎಲ್ಲವನ್ನೂ ಉಡುಪಿಯಲ್ಲೇ ಇಟ್ಟುಕೊಂಡ ಮನುಷ್ಯನು ಈ ವಯಸ್ಸಿನಲ್ಲಿ ಬಾಸೆಲ್‌ನಲ್ಲಿ ಅಡಗಿ ಕುಳಿತು ಏನು ಮಾಡುತ್ತಾನೆಂದು ಗುರುತು ಹಾಕಿದವರು ಒಂದು ಕ್ಷಣವಾದರೂ ಯೋಚಿಸಿದರೇ? ಇದರಲ್ಲಿ ನಗುವಂಥದ್ದೇನೂ ಇಲ್ಲ. ಇದು ಅವಮಾನ, ಮತ್ತು ಅವಮಾನಕ್ಕೆ ನಾವೇ ಶುಲ್ಕ ತೆರುತ್ತಿದ್ದೇವೆ.

ಮತ್ತೊಮ್ಮೆ ಅರ್ಜಿ ಹಾಕಬಹುದಂತೆ. ಒಮ್ಮೆ ಕೊಟ್ಟ ಬೆರಳಚ್ಚನ್ನು ಅವರು 59 ತಿಂಗಳು ಜೋಪಾನವಾಗಿ ಇಟ್ಟುಕೊಳ್ಳುವುದರಿಂದ ಅದನ್ನು ಪುನಃ ಕೊಡಬೇಕಾಗಿಲ್ಲ. 90 ಯೂರೋಗಳನ್ನು ಮಾತ್ರ ಹೊಸದಾಗಿ ಕೊಡಬೇಕು.