ಹೊತ್ತು ಹುಟ್ಟುವ ಮೊದಲು ಕೇಳಿದ ಮಾತು

ಜುಲೈ ಬಂದರೆ ಸಾಕು, ನನ್ನ ಫೇಸ್‌ಬುಕ್ ತುಂಬ ಕೀನ್ಯಾದ ಮಸಾಯಿ ಮಾರಾ ಕಾಡು. ಬೆಂಗಳೂರಿನ ಗೆಳೆಯರು ತೆಗೆದ ಸಿಂಹ, ಚಿರತೆ, ನದಿ ದಾಟುವ ವೈಲ್ಡ್‌ಬೀಸ್ಟ್. ಆಲ್ಬಮ್ಮಿನ ಕೊನೆಗೆ ಕೆಂಪು ಬಟ್ಟೆ ಹೊದ್ದು ನೆಗೆಯುವ ಗಂಡಸರು, ಮಣಿಸರ ಮಾರುವ ಹೆಂಗಸರು. ಆ ಹೆಂಗಸರು ಎಷ್ಟನೇ ತರಗತಿಗೆ ಶಾಲೆ ಬಿಟ್ಟರೆಂದು ಯಾರೂ ಕೇಳಿಕೊಂಡು ಬಂದಂತಿಲ್ಲ. ನಾನು ಹೋಗಿದ್ದರೂ ಸಿಂಹವನ್ನೇ ಹುಡುಕುತ್ತಿದ್ದೆನೇನೋ.

ಕೀನ್ಯಾದ ಅದೇ ಸೀಮೆಯ ಎನೂಸೈನ್ ಎಂಬ ಹಳ್ಳಿಯವರು ಕಕೆನ್ಯಾ ನ್ಟಾಯಿಯಾ. ಐದನೇ ವಯಸ್ಸಿಗೇ ಗಂಡು ಗೊತ್ತಾಗಿತ್ತು. ಅಲ್ಲಿನ ದನಗಾಹಿ ಜನರಾದ ಮಸಾಯಿಗಳಲ್ಲಿ ಜನನಾಂಗ ಛೇದನವಾದ ಹುಡುಗಿ ಮದುವೆಗೆ ಸಿದ್ಧಳೆಂದೇ ಲೆಕ್ಕ. ಶಾಲೆ ಅಲ್ಲಿಗೆ ಮುಗಿಯಿತು. ಕಕೆನ್ಯಾ ಅಪ್ಪನ ಮುಂದೆ ಕರಾರು ಇಟ್ಟರು: ಛೇದನಕ್ಕೆ ಒಪ್ಪುತ್ತೇನೆ, ಆಮೇಲೆ ಶಾಲೆಗೆ ಕಳಿಸಬೇಕು, ಇಲ್ಲವಾದರೆ ಓಡಿಹೋಗುತ್ತೇನೆ. ಮಗಳು ಓಡಿಹೋದಳೆಂಬ ಮಾತಿಗೆ ಅಂಜಿ ಅಪ್ಪ ಒಪ್ಪಿದರು. ಹೈಸ್ಕೂಲು ಮುಗಿಸಲು ಆ ಹುಡುಗಿ ಕಟ್ಟಿದ ಶುಲ್ಕ ತನ್ನದೇ ಮೈ. ಇದನ್ನು ‘ಸ್ಫೂರ್ತಿಯ ಕಥೆ’ ಎಂದು ಹಂಚುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ.

ನನಗೆ ಹಿಡಿಸಿದ್ದು ಮುಂದಿನ ಭಾಗ. ಅಮೆರಿಕದ ಕಾಲೇಜಿನಲ್ಲಿ ಸೀಟು ಸಿಕ್ಕಿತು, ಪ್ರಯಾಣದ ದುಡ್ಡು ಊರಿನವರಿಂದಲೇ ಎತ್ತಬೇಕು. ಹೊತ್ತು ಹುಟ್ಟುವ ಮೊದಲು ಬಂದ ಮಾತು ಶುಭ, ಅದಕ್ಕೆ ಇಲ್ಲವೆನ್ನಬಾರದು ಎಂಬ ನಂಬಿಕೆ ಅಲ್ಲಿದೆ. ಕಕೆನ್ಯಾ ನಸುಕಿನಲ್ಲೇ ಹಿರಿಯರೊಬ್ಬರ ಮನೆಗೆ ಹೋದರು. ಎಂಥ ಜಾಣೆ ನೋಡಿ! ದುಡ್ಡು ಕೂಡಿತು. ಮರಳಿ ಬಂದು ಶಾಲೆ ಕಟ್ಟುತ್ತೇನೆಂದು ಕೊಟ್ಟ ಮಾತನ್ನು 2009ರಲ್ಲಿ ನಡೆಸಿದರು. ಅಲ್ಲಿಗೆ ಮಗಳನ್ನು ಸೇರಿಸಬೇಕಾದರೆ ಛೇದನ ಮಾಡಿಸುವುದಿಲ್ಲ, ಎಳವೆಯಲ್ಲಿ ಮದುವೆ ಮಾಡುವುದಿಲ್ಲ ಎಂದು ಹೆತ್ತವರು ಒಪ್ಪಬೇಕು. ಈಗ ಕರಾರು ಇಡುವುದು ಶಾಲೆ, ತಲೆಯಾಡಿಸುವುದು ಅಪ್ಪ.

2003ರಲ್ಲಿ ಕೀನ್ಯಾ ಪ್ರಾಥಮಿಕ ಶಿಕ್ಷಣವನ್ನು ಉಚಿತ ಮಾಡಿತು, 2011ರಲ್ಲಿ ಛೇದನವನ್ನು ನಿಷೇಧಿಸಿತು. ಕಾನೂನು ಬೇಕು, ಜಗಳವಿಲ್ಲ. ಆದರೆ ಪೊಲೀಸರ ಭಯಕ್ಕೆ ಆಚರಣೆ ಕತ್ತಲೆಗೆ ಸರಿಯುತ್ತದೆಯೇ ಹೊರತು ನಿಲ್ಲುವುದಿಲ್ಲ. ಎಂಟನೇ ವಯಸ್ಸಿನಲ್ಲಿ ಬ್ಲೇಡಿಗೆ ಹೆದರಿ ಓಡಿದ್ದ ಇನ್ನೊಬ್ಬ ಮಸಾಯಿ ಹೆಣ್ಣುಮಗಳು ನೈಸ್ ಲೆಂಗೆಟೆ ಹಿಡಿದದ್ದು ಬೇರೆ ದಾರಿ. ಹೆಣ್ಣು ಬಾಯಿ ತೆರೆಯಬಾರದ ಹಿರಿಯರ ಸಭೆಯೊಡನೆ ವರ್ಷಗಟ್ಟಲೆ ಮಾತಾಡಿದರು. ಹಾಡು, ಕುಣಿತ, ಹಿರಿಯರ ಹರಕೆ ಎಲ್ಲ ಇರಲಿ, ಬ್ಲೇಡು ಬೇಡ ಎಂದರು. ಹಿರಿಯರು ಒಪ್ಪಿ, ತಮ್ಮ ಅಧಿಕಾರದ ಕರಿಕೋಲನ್ನೇ ಆಕೆಯ ಕೈಗಿತ್ತರು. ಹೊರಗಿನವರು ಹೋಗಿ ಉದ್ಧಾರ ಮಾಡಿದರೆಂದು ಬರೆಯುವವರು ಇದನ್ನು ಗಮನಿಸಬೇಕು.

ಎಲ್ಲ ಸರಿಹೋಯಿತೆಂದಲ್ಲ. ಹುಡುಗಿಗೆ ತೆರ ಇಂದಿಗೂ ಹೆಚ್ಚಾಗಿ ದನದ ರೂಪದಲ್ಲಿ ಬರುತ್ತದೆ. ಬರದಲ್ಲಿ ಹಟ್ಟಿ ಖಾಲಿಯಾದ ಅಪ್ಪನಿಗೆ ಮಗಳು ಹಟ್ಟಿ ತುಂಬುವ ದಾರಿಯಾಗಿ ಕಾಣುತ್ತಾಳೆ. ದನ ಗಂಡಸಿನದು, ಸಾಮೂಹಿಕ ಹುಲ್ಲುಗಾವಲು ಪಾಲಾದಾಗ ಪಟ್ಟಾ ಬಂದದ್ದೂ ಹೆಚ್ಚಾಗಿ ಗಂಡಸರ ಹೆಸರಿಗೆ. ಹೆಂಗಸಿನ ಕೈಯಲ್ಲಿ ಉಳಿದದ್ದು ಹಾಲು ಮತ್ತು ಮಣಿ.

ಮುಂದಿನ ತಿಂಗಳು ಹೊರಟಿರುವ ಗೆಳೆಯನಿಗೆ ಹೇಳಿದ್ದೇನೆ: ಸರಕ್ಕೆ ಚೌಕಾಸಿ ಮಾಡಬೇಡ ಮಾರಾಯ. ದುಡ್ಡನ್ನು ಗೈಡಿನ ಕೈಗೆ ಕೊಡಬೇಡ, ಪೋಣಿಸಿದವಳ ಕೈಗೇ ಕೊಡು.