ಮೊಸ್ಕೇನಿ ಹೆಸರು ಹಿಡಿದು ಹೇಳೋಣ

ಮಂಗಳೂರಿನ ಬಾವುಟಗುಡ್ಡೆಯ ಸಂತ ಅಲೋಶಿಯಸ್ ಚಾಪೆಲ್ (ಕ್ರೈಸ್ತರ ಪ್ರಾರ್ಥನಾ ಮಂದಿರ) ಬಗ್ಗೆ ಯಾರೇ ಬರೆದರೂ ‘ಭಾರತದ ಸಿಸ್ಟೀನ್ ಚಾಪೆಲ್’ ಅಂತ ಶುರು ಮಾಡುತ್ತಾರೆ. ಸಿಸ್ಟೀನ್ ಅಂದರೆ ವ್ಯಾಟಿಕನ್‌ನಲ್ಲಿ ಮೈಕೆಲೆಂಜೆಲೊ ಚಾವಣಿಗೆ ಚಿತ್ರ ಬಿಡಿಸಿದ ಚಾಪೆಲ್. ನನಗೆ ಈ ಹೋಲಿಕೆ ಸ್ವಲ್ಪವೂ ಇಷ್ಟವಿಲ್ಲ. ಎಲ್ಲರಿಗೂ ಮೈಕೆಲೆಂಜೆಲೊ ನೆನಪಾಗುತ್ತಾರೆ. ಇಲ್ಲಿ ಕತ್ತೆತ್ತಿ ದುಡಿದವರ ಹೆಸರು ಮಾತ್ರ ಯಾರ ಬಾಯಲ್ಲೂ ಇಲ್ಲ. ಅವರು ಬ್ರದರ್ ಆಂಟೋನಿಯೊ ಮೊಸ್ಕೇನಿ.

1854ರಲ್ಲಿ ಇಟಲಿಯ ಬೆರ್ಗಾಮೊ ಹತ್ತಿರದ ಸ್ಟೆಝಾನೊದಲ್ಲಿ ಹುಟ್ಟಿದವರು. ಬೆರ್ಗಾಮೊದ ಕರಾರಾ ಅಕಾಡೆಮಿಯಲ್ಲಿ ಚಿತ್ರಕಲೆ ಕಲಿತರು. 1889ರಲ್ಲಿ, 35ರ ವಯಸ್ಸಿನಲ್ಲಿ, ಜೆಸ್ವಿಟ್ ಸಭೆ (ಕ್ಯಾಥೊಲಿಕ್ ಸನ್ಯಾಸಿಗಳ ಸಂಘ) ಸೇರಿದರು. ಪಾದ್ರಿಯಾಗಲಿಲ್ಲ, ಬ್ರದರ್ ಆಗಿಯೇ ಉಳಿದರು. ಅಡುಗೆ, ಬಡಗಿ ಕೆಲಸ, ಹೊಲಿಗೆ ನೋಡಿಕೊಳ್ಳುವವರ ಸಾಲಿನಲ್ಲೇ ಇವರದು ಬ್ರಷ್ ಹಿಡಿಯುವ ಕೆಲಸ.

1899ರಲ್ಲಿ ಮಂಗಳೂರಿಗೆ ಬಂದರು. ಸುಮಾರು ಎರಡೂವರೆ ವರ್ಷದಲ್ಲಿ ಇಡೀ ಚಾಪೆಲ್ ತುಂಬಿಸಿದರು. ಚಾವಣಿಯ ಚಿತ್ರಗಳು ಕ್ಯಾನ್ವಾಸ್ ಮೇಲಿನ ತೈಲಬಣ್ಣ. ಗೋಡೆಯವು ಫ್ರೆಸ್ಕೊ. ಅಂದರೆ ಸುಣ್ಣದ ಗಾರೆ ಹಸಿ ಇರುವಾಗಲೇ ಬಣ್ಣ ಹಚ್ಚಬೇಕು. ಒಣಗುವಾಗ ಸುಣ್ಣ ಗಾಳಿಯ ಜೊತೆ ಸೇರಿ ಗಟ್ಟಿಯಾಗಿ, ಬಣ್ಣವನ್ನು ತನ್ನೊಳಗೆ ಹಿಡಿದುಕೊಳ್ಳುತ್ತದೆ. ಅವತ್ತು ಮುಗಿಸಲು ಆಗುವಷ್ಟೇ ಜಾಗಕ್ಕೆ ಗಾರೆ ಮೆತ್ತಬೇಕು. ತಪ್ಪಾದರೆ ಅಷ್ಟನ್ನೂ ಕೆರೆದು ಮತ್ತೆ ಮೊದಲಿಂದ. ಅದೂ ಎಲ್ಲಿ? ಮಳೆ ಹಿಡಿದರೆ ಒಗೆದ ಬಟ್ಟೆಯೇ ಒಣಗದ ಕರಾವಳಿಯಲ್ಲಿ! ಸಿಸ್ಟೀನ್ ಹೆಸರು ಎತ್ತುವವರು ಇದನ್ನು ಯಾಕೆ ಹೇಳುವುದಿಲ್ಲ ಅಂತ ನನಗೆ ನಿಜಕ್ಕೂ ಬೇಜಾರು.

ಚಾವಣಿಯಲ್ಲಿರುವುದು ಸಂತ ಅಲೋಶಿಯಸ್ ಗೊನ್ಝಾಗನ ಬದುಕು. ಶ್ರೀಮಂತ ಮನೆತನದ ಹುಡುಗ. ಎಲ್ಲ ಬಿಟ್ಟು ಬಂದು, ರೋಮ್‌ನಲ್ಲಿ ಪ್ಲೇಗ್ ರೋಗಿಗಳ ಸೇವೆ ಮಾಡುತ್ತಾ ಸೋಂಕು ತಗುಲಿ 1591ರಲ್ಲಿ ತೀರಿಕೊಂಡ. ಆಗ ವಯಸ್ಸು 23. ಆ ಸೇವೆಯ ಚಿತ್ರವೂ ಇಲ್ಲಿದೆ. ಒಂದು ವಿಷಯ ಗಮನಿಸಿ. 1896ರಲ್ಲಿ ಮುಂಬೈಗೆ, 1898ರಲ್ಲಿ ಬೆಂಗಳೂರಿಗೆ ಪ್ಲೇಗ್ ಬಂದಿತ್ತು. ಅದರ ಮರುವರ್ಷವೇ ಮೊಸ್ಕೇನಿ ಇಲ್ಲಿಗೆ ಬಂದದ್ದು. ಆ ಚಿತ್ರವನ್ನು ಮೊದಲು ನೋಡಿದ ನಮ್ಮ ಜನಕ್ಕೆ ಅದು ದೂರದ ರೋಮ್‌ನ ಕಥೆ ಅನ್ನಿಸಿರಲಿಕ್ಕಿಲ್ಲ, ಅಲ್ವಾ?

ಕಡಲ ಕಡೆಯ ತೇವಕ್ಕೆ ಚಿತ್ರಗಳು ಹಾಳಾಗತೊಡಗಿದ್ದವು. 1990ರ ದಶಕದ ಆರಂಭದಲ್ಲಿ ಹಳೆಯ ಕಟ್ಟಡ, ಕಲೆಗಳನ್ನು ಉಳಿಸುವ ಇಂಟ್ಯಾಕ್ ಸಂಸ್ಥೆಯವರು ಸರಿಪಡಿಸಿದರು. ಅವರಿಗೆ ಎಷ್ಟು ಧನ್ಯವಾದ ಹೇಳಿದರೂ ಕಡಿಮೆ.

ಮಂಗಳೂರಿನ ನಂತರ ಕೊಚ್ಚಿಯ ಸಾಂತಾ ಕ್ರೂಸ್ ಇಗರ್ಜಿಯ (ಚರ್ಚ್) ಕೆಲಸ. ಆರೋಗ್ಯ ಕೈಕೊಟ್ಟಿತು. 1905ರ ನವೆಂಬರ್‌ನಲ್ಲಿ, ಆ ಇಗರ್ಜಿಯನ್ನು ದೇವರಿಗೆ ಅರ್ಪಿಸುವ ವಿಧಿಗೆ ಕೆಲವೇ ದಿನ ಇರುವಾಗ, ಅಲ್ಲೇ ತೀರಿಕೊಂಡರು. ಬರೀ 51 ವರ್ಷ.

ಕೊಚ್ಚಿಯಲ್ಲಿ ಅವರ ಜೊತೆ ಚಿತ್ರ ಬಿಡಿಸಿದ ಶಿಷ್ಯ ಡ ಗಾಮಾ ನಮ್ಮ ಮಂಗಳೂರಿನವರೇ. ಗುರುವಿನ ಹೆಸರೇ ಮರೆತುಹೋಗಿರುವಾಗ ಶಿಷ್ಯನನ್ನು ಕೇಳುವವರು ಯಾರು? ಚಾಪೆಲ್ ನೋಡಲು ನೆಂಟರನ್ನು ಕರೆದುಕೊಂಡು ಹೋದಾಗ ಮೈಕೆಲೆಂಜೆಲೊ ಬಿಡಿ, ಇವರಿಬ್ಬರ ಹೆಸರು ಹೇಳಿ.